ಬುಷ್ ಬದಲಿಸಿದ ಬೇಸಿಗೆ

ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸ ಬಿಟ್ಟು ರಾಯದುರ್ಗದ ಗಂಡನ ಮನೆಗೆ ಬಂದ ಮೂರನೆಯ ದಿನಕ್ಕೇ ನನಗೆ ಅಲ್ಲಿ ಕೂರಲಾಗಲಿಲ್ಲ. ಏಳು ವರ್ಷ ಗಂಟೆ ಹೊಡೆದಾಗ ಕೂತು, ಗಂಟೆ ಹೊಡೆದಾಗ ಎದ್ದವಳು ನಾನು. ಇಲ್ಲಿ ಗಂಟೆಯೇ ಇರಲಿಲ್ಲ. ಅತ್ತೆ ಏಳುವ ಮೊದಲೇ ಅಂಗಳ ಗುಡಿಸಿ, ನೀರು ತುಂಬಿ, ಪಾತ್ರೆ ತೊಳೆದಿಟ್ಟು, ಇನ್ನೇನು ಮಾಡಲಿ ಎಂದು ಬಾಗಿಲಿಂದ ಹಿತ್ತಿಲಿಗೆ, ಹಿತ್ತಿಲಿಂದ ಬಾಗಿಲಿಗೆ ಓಡಾಡುತ್ತಿದ್ದೆ.

"ಯಾಕವಾ, ಇರಿವಿ ಕಡದವರಂಗ ತಿರಗಾಡ್ತಿ? ಒಂದ್ ಕಡಿ ಕುಂದ್ರು" ಎಂದರು ಅತ್ತೆ.

ಕೂರುವುದು ಹೇಗೆ? ನನ್ನ ಜೀವ ಇದ್ದದ್ದು ಮಡಕಶಿರದ ಆಚೆ, ಆಂಧ್ರದ ಅಂಚಿನ ರತ್ನಗಿರಿಯ ಹತ್ತಿರ, ನನ್ನ ತವರಿನಲ್ಲಿ. ಮಗಳು ಹನ್ನೊಂದು ತಿಂಗಳ ಕೂಸಾಗಿದ್ದಾಗ ಅವಳನ್ನು ಅಮ್ಮನ ಮಡಿಲಿಗೆ ಹಾಕಿ ನಾನು ಬೆಂಗಳೂರಿಗೆ ವಾಪಸಾಗಿದ್ದೆ. ನನ್ನ ಗಂಡ ಅದೇ ಫ್ಯಾಕ್ಟರಿಯ ಕಟಿಂಗ್ ಸೆಕ್ಷನ್ನಿನಲ್ಲಿದ್ದರು. ಇಬ್ಬರೂ ದುಡಿಯಲು ಹೋದರೆ ಒಂದೇ ಕೋಣೆಯ ಆ ಮನೆಯಲ್ಲಿ ಕೂಸನ್ನು ನೋಡಿಕೊಳ್ಳುವವರು ಯಾರು? ಹೊಲಿಗೆಯ ಲೈನಿನಲ್ಲಿ ನನ್ನ ಅಕ್ಕಪಕ್ಕ ಕೂತ ಎಷ್ಟೋ ಹೆಂಗಸರು ಹೀಗೇ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರು. ಊಟದ ಹೊತ್ತಿನಲ್ಲಿ ಒಬ್ಬರ ಫೋಟೋ ಒಬ್ಬರಿಗೆ ತೋರಿಸುತ್ತಿದ್ದೆವು. ಯುಗಾದಿಗೆ ಎರಡು ದಿನ, ದಸರಾಕ್ಕೆ ಎರಡು ದಿನ ಹೋಗಿ ಮಗಳ ಮುಖ ನೋಡಿ ಬರುತ್ತಿದ್ದೆ. ಅವಳು ನನ್ನ ಅಮ್ಮನನ್ನು "ಅಮ್ಮ" ಅನ್ನುತ್ತಿದ್ದಳು. ನನ್ನನ್ನು "ಬೆಂಗಳೂರಮ್ಮ" ಅನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಈಗ ಅವಳಿಗೆ ಐದು ತುಂಬಿತ್ತು. ಜೂನಿನಲ್ಲಿ ಶಾಲೆಗೆ ಹಾಕಬೇಕಿತ್ತು. ರಾಯದುರ್ಗದಲ್ಲಿ ಓಣಿಗೊಂದು ಜೀನ್ಸ್ ಹೊಲಿಯುವ ಶೆಡ್ಡು ಎದ್ದಿದ್ದ ಕಾಲ ಅದು. ನನ್ನ ಗಂಡನಿಗೆ ಅಂಥ ಒಂದು ಕಡೆ ಕಟಿಂಗ್ ಮಾಸ್ಟರ್ ಕೆಲಸ ಸಿಗುವುದು ಗಟ್ಟಿಯಾಗಿತ್ತು. ಬೆಂಗಳೂರಿನಲ್ಲಿ ಹೊಸಬನಿಗೆ ಕೆಲಸ ಕಲಿಸಿಕೊಟ್ಟು ಬರಲು ಅವರಿಗೆ ಇನ್ನೂ ಎರಡು ತಿಂಗಳು ಬೇಕಿತ್ತು. "ನೀನು ಮುಂದಾಗಿ ಹೋಗು, ಮಗಳನ್ನ ಕರೆದುಕೊಂಡು ಬಂದಿರು" ಎಂದು ನನ್ನನ್ನು ಕಳಿಸಿದ್ದರು.

ನಾಳೆಯೇ ಬಸ್ಸಿಗೆ ಹೋಗುತ್ತೇನೆ ಎಂದು ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಒಪ್ಪಲಿಲ್ಲ.

"ಬಸ್ಸಲ್ಲಿ ಬ್ಯಾಡ ಕಣಮ್ಮ. ಹೋದ್ಸಲ ಬೆಂಗ್ಳೂರಿಗೆ ಕರ್ಕಂಡು ಬಂದಾಗ ದಾರಿಯುದ್ದ ವಾಂತಿ ಮಾಡ್ಕಂಡು, ಎರಡ್ ದಿನ ಜ್ವರ ಬಂದು ಮಲಗಿತ್ತು ಮಗ. ಅಷ್ಟು ದೂರ ಮೂರ್ ಮೂರ್ ಬಸ್ ಹತ್ತಿಸ್ತೀಯ?"

ಮನೆಯಲ್ಲಿ ಒಂದು ಕಾರು ಇತ್ತು. ಮಾವ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ರಿಟೈರಾದಾಗ ಯಾರೋ ಮಾರಲಿಟ್ಟಿದ್ದ ಸಣ್ಣ ಹಳೆ ಕಾರನ್ನು ಕೊಂಡು, ಪಕ್ಕದ ಖಾಲಿ ಜಾಗದ ಬೇವಿನ ಮರದ ಕೆಳಗೆ ನಿಲ್ಲಿಸಿಕೊಂಡಿದ್ದರು. ಅದು ಸ್ವಲ್ಪ ಗುಂಡಿ ಸಿಕ್ಕಿದರೂ ಮುಂದಿನಿಂದ ಕಟಕ್ ಕಟಕ್ ಎನ್ನುತ್ತಿತ್ತು. ಮಾವನ ಅಪ್ಪಣೆಯಾಗಿತ್ತು: ಬುಷ್ ಬದಲಿಸದೆ ಆ ಕಾರು ಊರು ದಾಟುವಂತಿಲ್ಲ.

ಬುಷ್ ಎಂದರೇನು ಎಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯಿತು. ಗಾಲಿಯನ್ನು ಹಿಡಿದಿರುವ ಕಬ್ಬಿಣದ ತೋಳು ಕಾರಿನ ಮೈಗೆ ಸೇರುವ ಜಾಗದಲ್ಲಿ ದಪ್ಪ ಬಳೆಯಂಥ ಒಂದು ರಬ್ಬರಿರುತ್ತದೆ. ಗಾಲಿಗೆ ಬಿದ್ದ ಪೆಟ್ಟನ್ನು ಅದು ನುಂಗಿಕೊಳ್ಳುತ್ತದೆ. ಅದು ಸವೆದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ, ಬ್ರೇಕ್ ಒತ್ತಿದರೆ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಮಾವ ಬಳ್ಳಾರಿಯಿಂದ ಹೊಸ ಬುಷ್‌ಗಳನ್ನು ತಂದಿಟ್ಟು ನಾಲ್ಕು ತಿಂಗಳಾಗಿತ್ತು. ಡಿಪೋದಲ್ಲಿ ಬಿದ್ದು ಅವರ ಬಲ ಭುಜ ಹೋಗಿತ್ತು. ಸ್ಟೇರಿಂಗ್ ಹಿಡಿಯಬಲ್ಲವರಾಗಿದ್ದರು, ಆದರೆ ಕಾರಿನ ಕೆಳಗೆ ಮಲಗಿ ಪಾನಾ ಹಿಡಿದು ಬೋಲ್ಟು ತಿರುಗಿಸಲು ತೋಳು ಏಳುತ್ತಿರಲಿಲ್ಲ. ಊರಿನ ಮೆಕ್ಯಾನಿಕ್‌ಗಳ ಕೈಗೆ ಕೊಡಲು ಅವರಿಗೆ ಮನಸ್ಸಿಲ್ಲ. "ಸುತ್ತಿಗಿ ತಗಂಡು ಬಡದು ಕೂಡಿಸ್ತಾರ" ಎಂಬುದು ಅವರ ದೂರು. ಮಗ ಬರಲಿ ಎಂದು ಕಾಯುತ್ತಿದ್ದರು.

ಎರಡು ತಿಂಗಳು! ನನಗೆ ಎರಡು ದಿನ ಕಾಯುವುದೇ ಆಗುತ್ತಿರಲಿಲ್ಲ.

"ಅತ್ತೇ, ನಾನು ಮಾಡ್ತೀನಿ ಅಂತ ಮಾವನಿಗೆ ಹೇಳಿ" ಎಂದೆ. "ಫ್ಯಾಕ್ಟರೀಲಿ ಮಷಿನ್ನು ಬಿಚ್ಚಿ ಜೋಡಿಸಿದ್ದೀನಿ. ಅವರು ಹೇಳಿಕೊಡಲಿ ಸಾಕು."

ಇದನ್ನು ನಾನೇ ಮಾವನಿಗೆ ಹೇಳಬಹುದಿತ್ತಲ್ಲ ಎಂದು ಈಗಿನವರು ಕೇಳಬಹುದು. ಆ ಮನೆಯಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಮದುವೆಯಾಗಿ ಆರೇಳು ವರ್ಷವಾಗಿದ್ದರೂ ಅವರು ನನಗೆ ನೇರವಾಗಿ ಆಡಿದ ಮಾತು ನೆನಪಿಲ್ಲ. ನೀರು ಬೇಕಾದರೂ "ನೀರು ತರಾಕ ಹೇಳು" ಎಂದು ಅತ್ತೆಗೆ ಹೇಳುತ್ತಿದ್ದರು.

ಅತ್ತೆ ಹೋಗಿ ಮಾವನಿಗೆ ಹೇಳಿದರು. ಅವರು ಒಳಗೆ ಹೋಗಿ, ಪಾನಾಗಳ ಗೋಣಿಚೀಲವನ್ನು ಎಡಗೈಯಲ್ಲಿ ಎಳೆದುಕೊಂಡು ಬಂದು ಬೇವಿನ ಮರದ ಕೆಳಗೆ ಸುರಿದರು.

ಮರುದಿನ ಬೆಳಿಗ್ಗೆ ಕೆಲಸ ಶುರುವಾಯಿತು. ಸೀರೆ ಮೇಲೆ ಗಂಡನ ಹಳೆಯ ಅಂಗಿ ತೊಟ್ಟುಕೊಂಡೆ. ಮಾವ ಕುರ್ಚಿ ಹಾಕಿಕೊಂಡು ನೆರಳಲ್ಲಿ ಕೂತರು. ನಡುವೆ ಅತ್ತೆ, ಮೊರದಲ್ಲಿ ಕಡಲೆಕಾಯಿ ಹಸನು ಮಾಡುತ್ತ.

"ಹಿಂದಿನ ಗಾಲಿಗೆ ಕಲ್ಲು ಇಡಾಕ ಹೇಳು ಆಕಿಗೆ."

"ಹಿಂದಿನ ಗಾಲಿಗೆ ಕಲ್ಲು ಇಡಬೇಕಂತ ನೋಡವಾ."

ಇಟ್ಟೆ. ಜಾಕಿ ಹಾಕಿ ಮುಂಭಾಗ ಎತ್ತಿದೆ. ಬರೀ ಜಾಕಿಯನ್ನು ನಂಬಬಾರದೆಂದು ಕೆಳಗೆ ದಪ್ಪ ಮರದ ದಿಮ್ಮಿಗಳನ್ನು ಕೊಡಿಸಿದರು. ಗಾಲಿ ಕಳಚಿದೆ. ಒಳಗಿನ ತೋಳು ಕಾಣಿಸಿತು, ಕೆಸರು ಗ್ರೀಸು ಮೆತ್ತಿಕೊಂಡು ಕರ್ರಗೆ.

"ಹದಿನೇಳರ ಪಾನಾ ತಗಳಾಕ ಹೇಳು."

"ಹದಿನಾಲ್ಕರದು ತಗಳವಾ."

"ಹದಿನೇಳು!"

"ಹದಿನೇಳಂತ."

ನಾನು ಎರಡು ಮಾರು ದೂರದಲ್ಲಿದ್ದೆ, ಮಾವ ಹೇಳುವುದೆಲ್ಲ ಕೇಳಿಸುತ್ತಿತ್ತು. ಆದರೂ ಅತ್ತೆಯ ಬಾಯಿಂದ ಬರಲಿ ಎಂದು ಪಾನಾ ಹಿಡಿದು ಕಾಯಬೇಕಿತ್ತು. ನನಗೆ ಒಳಗೊಳಗೇ ಕುದಿಯುತ್ತಿತ್ತು. ಹೀಗೆ ಒಂದು ಗಂಟೆ ನಡೆಯಿತೋ ಏನೋ. ಅತ್ತೆ ಮೊರವನ್ನು ಕುಕ್ಕಿ ಎದ್ದರು.

"ನಿಮ್ಮಿಬ್ಬರ ನಡಕ ನಾ ಎಷ್ಟೊತ್ತಂತ ಟಪಾಲು ಹಂಚಲಿ? ಆಕಿಗೆ ಕಿವಿ ಇಲ್ಲೇನು, ನಿಮಗ ಬಾಯಿ ಇಲ್ಲೇನು? ಒಲಿ ಮ್ಯಾಲೆ ಬ್ಯಾಳಿ ಇಟ್ಟು ಬಂದೀನಿ" ಎಂದು ಒಳಗೆ ಹೋಗಿಬಿಟ್ಟರು.

ನಾನು ಬೋಲ್ಟನ್ನೇ ನೋಡುತ್ತ ಕೂತೆ. ಮಾವ ಕೆಮ್ಮಿದರು. ಮರದ ಮೇಲೆ ಕಾಗೆ ಕೂಗಿತು. ಕೊನೆಗೆ ಅವರೇ, ಕಾರಿಗೆ ಹೇಳುವವರಂತೆ, "ಎಡಗಡಿ ತಿರುಗಿಸವಾ. ಬರಲಿಲ್ಲಂದ್ರ ಸೀಮಿಎಣ್ಣಿ ಬಿಟ್ಟು ಸ್ವಲ್ಪ ತಡಿ" ಎಂದರು.

"ಆಯ್ತು ಮಾವ" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಅಲ್ಲಿಂದ ಕೆಲಸ ಓಡಿತು. ಬೋಲ್ಟು ಕಳಚಿ, ಹಾರೆ ಹಾಕಿ ಮೀಟಿದಾಗ ತೋಳು ಸಡಿಲಾಗಿ ನೆಲಕ್ಕೆ ಬಿತ್ತು. ಹಳೆ ಬುಷ್‌ನ ರಬ್ಬರು ಬಿರುಕುಬಿಟ್ಟು ಒಂದು ಕಡೆ ತೆಳ್ಳಗಾಗಿತ್ತು, ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. ಅದನ್ನು ಹೊರಗೆ ತಳ್ಳಲು ಮಾವ ಒಂದು ಉಪಾಯ ಇಟ್ಟುಕೊಂಡಿದ್ದರು: ಉದ್ದನೆಯ ಬೋಲ್ಟು, ಒಂದು ತುಂಡು ಪೈಪು, ನಾಲ್ಕು ದಪ್ಪ ವಾಷರು. ಬೋಲ್ಟನ್ನು ಬುಷ್ ಮೂಲಕ ತೂರಿಸಿ ನಟ್ಟು ಬಿಗಿಸುತ್ತ ಹೋದರೆ ಬುಷ್ ಮೆಲ್ಲಗೆ ಪೈಪಿನೊಳಕ್ಕೆ ಜಾರಿ ಬರುತ್ತದೆ. ಬಡಿಯುವ ಮಾತೇ ಇಲ್ಲ. ಹೊಸದನ್ನೂ ಹಾಗೆಯೇ ಒಳಗೆ ಕೂರಿಸಬೇಕು, ಎಣ್ಣೆ ಹಚ್ಚಬಾರದು, ರಬ್ಬರು ಕೆಡುತ್ತದೆ. ಬಟ್ಟೆ ಸೋಪಿನ ನೊರೆ ಹಚ್ಚಿದೆ. ಒಂದೊಂದು ಸುತ್ತಿಗೂ ಭುಜ ಹಿಡಿದುಕೊಳ್ಳುತ್ತಿತ್ತು. ಒಂದು ಕಡೆಯದು ಮುಗಿಯುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಊಟಕ್ಕೆ ಕೂತರೆ ಮುದ್ದೆ ಮುರಿಯಲು ಬೆರಳೇ ಮಡಚಲಿಲ್ಲ.

ಎರಡನೆಯ ಕಡೆಯದನ್ನು ಜೋಡಿಸುವಾಗ ಬಿಸಿಲು ಇಳಿಯತೊಡಗಿತ್ತು. ಮಾವ ಚಹಾ ಕುಡಿಯಲು ಏಳುತ್ತ ಹೇಳಿದರು: "ತೋಳಿನ ಬೋಲ್ಟು ಬರೀ ಕೈಲೆ ತಿರುವಿ ಇಡು. ಬಿಗಿ ಮಾಡಬ್ಯಾಡ. ಗಾಲಿ ಹಾಕಿ, ಗಾಡಿ ಕೆಳಗ ಇಳಿಸಿ, ಭಾರ ಬಿದ್ದ ಮ್ಯಾಲೆ ಬಿಗಿ ಮಾಡಬೇಕು."

ಕಾರು ಕೆಳಗಿಳಿಸಿದರೆ ಅದರಡಿ ನುಸುಳುವುದು ಹೇಗೆ? ಮತ್ತೆ ಕಲ್ಲು ತರಬೇಕು, ಕಾರನ್ನು ಕಲ್ಲಿನ ಮೇಲೆ ಹತ್ತಿಸಬೇಕು, ಕತ್ತಲಾಗುತ್ತದೆ, ನಾಳೆಗೆ ಬೀಳುತ್ತದೆ. ನಾಳೆ ಬೆಳಿಗ್ಗೆ ಹೊರಡುತ್ತೇವೆ ಎಂದು ಅಮ್ಮನಿಗೆ ಹೇಳಿಯಾಗಿತ್ತು. ಬೋಲ್ಟು ಕೈಗೆ ಚೆನ್ನಾಗಿ ಸಿಗುತ್ತಿತ್ತು. ಬಿಗಿದೆ. ಎರಡೂ ಕಡೆ, ಮೈಯ ಭಾರವನ್ನೆಲ್ಲ ಹಾಕಿ ಬಿಗಿದೆ. ಗಾಲಿ ಹಾಕಿ ಜಾಕಿ ಇಳಿಸಿದೆ.

ಮಾವ ಬಂದು ನೋಡಿದರು. "ಭಾರ ಬಿದ್ದ ಮ್ಯಾಲೆ ಬಿಗಿ ಮಾಡಿದ್ಯಲ್ಲ?"

"ಹೂಂ ಮಾವ."

ಮರುದಿನ ಬೆಳಕು ಹರಿಯುತ್ತಲೇ ಹೊರಟೆವು. ಕಟಕ್ ಕಟಕ್ ಸದ್ದು ಪೂರಾ ನಿಂತಿತ್ತು. ಮಾವ ಒಂದೆರಡು ಸಲ ಬೇಕೆಂದೇ ಗುಂಡಿಗೆ ಇಳಿಸಿ ನೋಡಿ, ಮೀಸೆಯಲ್ಲೇ ನಕ್ಕರು. ಕಲ್ಯಾಣದುರ್ಗ, ಪಾವಗಡ, ಮಡಕಶಿರ. ಅವರು ಎಷ್ಟು ನಿಧಾನ ಓಡಿಸುತ್ತಿದ್ದರೆಂದರೆ ನಾನು ಕಾಲನ್ನು ಮುಂದಕ್ಕೆ ಒತ್ತಿ ಒತ್ತಿ ಕೂರುತ್ತಿದ್ದೆ, ಅದರಿಂದ ಕಾರು ಬೇಗ ಹೋಗುವುದೇನೋ ಎಂಬಂತೆ. ಊರು ಸೇರುವಾಗ ಹೊತ್ತು ನೆತ್ತಿಗೆ ಬಂದಿತ್ತು.

ಮಗಳು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ನನ್ನನ್ನು ನೋಡಿ ನಕ್ಕಳು. ಕಾರನ್ನು ಮುಟ್ಟಿ ನೋಡಿದಳು. ಅಷ್ಟರವರೆಗೆ ಎಲ್ಲ ಚೆನ್ನಾಗಿತ್ತು. ಅಮ್ಮ ಅವಳ ಬಟ್ಟೆಯ ಚೀಲವನ್ನು ತಂದು ಕಾರಿನೊಳಗೆ ಇಟ್ಟಾಗ ಅವಳಿಗೆ ತಿಳಿಯಿತು. ಓಡಿ ಹೋಗಿ ಅಮ್ಮನ ಸೀರೆ ಹಿಡಿದು, ಅಂಗನವಾಡಿಯಲ್ಲಿ ಕಲಿತ ತೆಲುಗಿನಲ್ಲಿ, "ನೇನು ರಾನು" ಎಂದಳು. ನಾನು ಬರುವುದಿಲ್ಲ.

"ಹೋಗಮ್ಮ ಮಗಾ, ನಿಮ್ಮಮ್ಮ ಕಣೇ" ಎಂದಳು ನನ್ನ ಅಮ್ಮ. ಹೇಳುತ್ತ ಅವಳ ಕಣ್ಣಲ್ಲೇ ನೀರು.

ನಾನು ಮಿಠಾಯಿ ತೋರಿಸಿದೆ, ಗೊಂಬೆ ತೋರಿಸಿದೆ. ಮಧ್ಯಾಹ್ನ ಕಳೆಯಿತು. ಹೊರಡಬೇಕು, ದಾರಿ ದೂರ, ಮಾವ ಕತ್ತಲಲ್ಲಿ ಓಡಿಸಲಾರರು ಎಂಬುದೊಂದೇ ತಲೆಯಲ್ಲಿ. ಅವಳನ್ನು ಎತ್ತಿಕೊಂಡು ಹೋಗಿ ಕಾರಿನೊಳಗೆ ಕೂರಿಸಿ, ನಾನೂ ಪಕ್ಕದಲ್ಲಿ ಕೂತು ಬಾಗಿಲು ಹಾಕಿದೆ. ಅವಳು ಕಿರುಚಿದ ಬಗೆಯನ್ನು ನಾನು ಈಗಲೂ ಬರೆಯಲಾರೆ. ಕಿಟಕಿಯ ಗಾಜಿಗೆ ಎರಡೂ ಕೈ ಬಡಿದಳು. ನನ್ನ ಮುಂಗೈಯನ್ನು ಕಚ್ಚಿದಳು. ಮಾವ ಎಂಜಿನ್ ಶುರು ಮಾಡಿದ್ದರು. ಆಫ್ ಮಾಡಿದರು.

"ಇಳಿಸವಾ" ಎಂದರು.

"ಸ್ವಲ್ಪ ದೂರ ಹೋದ್ರೆ ಸುಮ್ನಾಗ್ತಾಳೆ ಮಾವ, ಹೊರಡಿ."

"ನಾ ಓಡಸಂಗಿಲ್ಲ. ಇಳಿಸು."

ಇಳಿಸಿದೆ. ಅವಳು ಹಿಂದೆ ತಿರುಗಿ ನೋಡದೆ ಓಡಿಹೋದಳು. ನಾವಿಬ್ಬರೇ ವಾಪಸು ಬಂದೆವು. ಮಾವನ ಜೊತೆ ಮಾತು ಶುರುವಾಗಿ ಎರಡೇ ದಿನವಾಗಿತ್ತು, ಅದನ್ನು ನಾನೇ ನಿಲ್ಲಿಸಿದೆ. ಅವರಿಗೆ ನನ್ನ ಮಗಳು ಬೇಕಿಲ್ಲ, ಅದಕ್ಕೇ ಹೀಗೆ ಮಾಡಿದರು ಎಂದು ಗಂಡನಿಗೆ ಫೋನಿನಲ್ಲಿ ಅತ್ತುಕೊಂಡು ಹೇಳಿದೆ.

ಮನೆಯಲ್ಲಿ ಕೂರಲಾರದೆ ಓಣಿಯ ತುದಿಯ ಜೀನ್ಸ್ ಶೆಡ್ಡಿಗೆ ಕೆಲಸಕ್ಕೆ ಹೋದೆ. ಮೂರು ವಾರ ಝಿಪ್ ಹಚ್ಚಿದೆ. ದಿನವೂ ಊರಿಗೆ ಫೋನ್ ಮಾಡುತ್ತಿದ್ದೆ, ಮಗಳು ಫೋನಿನ ಹತ್ತಿರ ಬರುತ್ತಿರಲಿಲ್ಲ. ಅವಳಿಗೆಂದು ಒಂದು ಲಂಗ ಹೊಲಿದೆ. ಹೊಲಿದದ್ದು ಸರಿಯಿಲ್ಲವೆಂದು ಬಿಚ್ಚಿ ಮತ್ತೆ ಹೊಲಿದೆ. ಆ ದಿನಗಳಲ್ಲಿ ಮಾವ ಕಾರು ತೆಗೆದುಕೊಂಡು ಎರಡು ಮೂರು ಸಲ ಬಳ್ಳಾರಿಗೆ ಹೋಗಿಬಂದರು. ಜೂನ್ ಹತ್ತಿರ ಬಂತು. ಮತ್ತೆ ಹೊರಟೆವು.

ಕಲ್ಯಾಣದುರ್ಗ ಇನ್ನೂ ಮುಂದಿತ್ತು. ಕಾರು ಕಿರ್ ಕಿರ್ ಎನ್ನತೊಡಗಿತು. ಎಣ್ಣೆ ಕಾಣದ ಬಾಗಿಲು ತೆರೆದಂಥ ಸದ್ದು. ಮೊದಲು ಎಡಗಡೆ, ಆಮೇಲೆ ಎರಡೂ ಕಡೆ. ಮಾವ ಕಾರನ್ನು ಹುಣಸೆಮರದಡಿ ನಿಲ್ಲಿಸಿ, ಸ್ಟೇರಿಂಗ್ ಪೂರಾ ತಿರುಗಿಸಿ, ಗಾಲಿಯ ಸಂದಿಯಲ್ಲಿ ಎಡಗೈ ತೂರಿಸಿ ಬೆರಳಿನಿಂದ ತಡವಿದರು. ಕೈ ಹೊರಗೆ ತೆಗೆದು ಒರೆಸಿಕೊಂಡು ನನ್ನ ಕಡೆ ನೋಡಿದರು.

"ರಬ್ಬರ್ ಸೀಳೈತಿ. ಗಾಲಿ ಜೋತಾಡುವಾಗ ಬಿಗಿ ಮಾಡಿದ್ಯಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೂಂ."

"ಗಾಲಿ ಜೋತಾಡುವಾಗ ಬಿಗಿ ಮಾಡಿದ್ರ ಗಾಡಿ ಇಳಿಸಿದ ಕೂಡಲೆ ರಬ್ಬರು ತಿರುಚಿಕೊಂತೈತಿ. ಹಗಲೂ ರಾತ್ರಿ ತಿರುಚಿಕೊಂಡೇ ಇರತೈತಿ. ಹರೀದೆ ಏನ್ ಮಾಡೀತು? ತಪ್ಪು ಮಾಡಿದ್ರ ಮಾಡಿದಿ. ಸುಳ್ಳ್ಯಾಕ ಹೇಳಿದಿ? ಈ ಗಾಡ್ಯಾಗ ನಿನ್ನ ಕೂಸು ಕುಂದ್ರೋದೈತಿ."

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕಾರು ತಿರುಗಿಸಿದರು. ಲಂಗದ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಇಡೀ ದಾರಿ ಹೊರಗೆ ನೋಡುತ್ತ ಬಂದೆ. ಕಿರ್ ಕಿರ್ ಸದ್ದು ಮನೆಯವರೆಗೂ ಬಂತು.

ಬಳ್ಳಾರಿಯಿಂದ ಮತ್ತೆ ಬುಷ್ ತರಿಸಿದ್ದಾಯಿತು. ಎರಡನೆಯ ಸಲ ಬಿಚ್ಚುವಾಗ ನಾನೂ ಅವಸರ ಮಾಡಲಿಲ್ಲ, ಮಾಡುವ ಧೈರ್ಯವಿರಲಿಲ್ಲ. ಅತ್ತೆ ಈ ಸಲ ನಡುವೆ ಬರಲೇ ಇಲ್ಲ. ಹಳೆಯದನ್ನು ಹೊರಗೆಳೆಯುತ್ತಿದ್ದಾಗ ಮಾವ, ಕೇಳದೆಯೇ, ಮಾತು ತೆಗೆದರು.

"ನಾ ಗುಂತಕಲ್ ಡಿಪೋದಾಗ ಇದ್ದೆ, ನಿನ್ನ ಗಂಡ ಸಣ್ಣಾವಿದ್ದಾಗ. ತಿಂಗಳಿಗೊಮ್ಮೆ ಬರತಿದ್ದೆ. ನಾ ಬಂದ್ರ ಸಾಕು, ಕಾಳಿನ ಚೀಲದ ಹಿಂದ ಹೋಗಿ ಅಡಗತಿದ್ದ."

"ನೀವೇನು ಮಾಡಿದ್ರಿ ಮಾವ?"

"ಒಮ್ಮೆ ಎಳಕೊಂಡು ಬಂದೆ. ಎರಡು ಬಾರಿಸಿದೆ. ಆಮ್ಯಾಲೆ ಅವ ಅಡಗಲಿಲ್ಲ. ಹತ್ತಿರಾನೂ ಬರಲಿಲ್ಲ." ಕೆಳಗೆ ಬಿದ್ದಿದ್ದ ವಾಷರನ್ನು ಎತ್ತಿ ಕೊಡುತ್ತ, "ಇವತ್ತಿಗೂ ನನ್ನ ಕೂಡ ಏನಾರ ಮಾತಾಡಬೇಕಂದ್ರ ಅವ್ವನ ಕೈಲೆ ಹೇಳಿಸ್ತಾನ" ಎಂದರು.

ನಾನು ನಟ್ಟು ತಿರುಗಿಸುತ್ತಲೇ ಇದ್ದೆ. ಅವರ ಮೇಲಿನ ಸಿಟ್ಟು ಯಾವಾಗ ಹೋಯಿತೋ ತಿಳಿಯದು. ಆದರೆ ಅವತ್ತು ಸಂಜೆ ನಾನೇ ಅವರಿಗೆ ಚಹಾ ಕೊಟ್ಟೆ, ತಲೆಗೆ ಸೆರಗು ಎಳೆದುಕೊಳ್ಳುವುದು ಮರೆತೇಹೋಗಿತ್ತು.

ಮರುದಿನ ನಾಲ್ಕು ಚಪ್ಪಡಿ ಕಲ್ಲು ತಂದು ಎರಡೆರಡು ಪೇರಿಸಿ, ಮುಂದಿನ ಗಾಲಿಗಳನ್ನು ಅವುಗಳ ಮೇಲೆ ಹತ್ತಿಸಿದೆವು. ಅದಕ್ಕೂ ಮೊದಲು ಕಾರನ್ನು ನಾಲ್ಕು ಸಲ ಹಿಂದೆ ಮುಂದೆ ಉರುಳಿಸಿ, ಬಾನೆಟ್ಟನ್ನು ಒತ್ತಿ ಒತ್ತಿ ಬಿಡಲು ಹೇಳಿದರು. ಭಾರ ತನ್ನ ಜಾಗಕ್ಕೆ ಕೂರಬೇಕಂತೆ. ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು ಕೆಳಗೆ ನುಸುಳಿದೆ. ಮೂಗಿಗೆ ತಾಗುವಷ್ಟು ಹತ್ತಿರ ಕಬ್ಬಿಣ. ಕೈ ಆಡಿಸಲು ಜಾಗವಿಲ್ಲ. ಒಂದು ಸಲಕ್ಕೆ ಪಾನಾ ಎರಡು ಬೆರಳಿನಷ್ಟು ಮಾತ್ರ ತಿರುಗುತ್ತಿತ್ತು. ಹಾಗೆಯೇ ನಾಲ್ಕೂ ಬೋಲ್ಟು ಬಿಗಿದು ಹೊರಬಂದಾಗ ಅಂಗಿಯಲ್ಲಿ ಒಣಗಿದ ಜಾಗವೇ ಇರಲಿಲ್ಲ.

ಮೂರನೆಯ ಸಲ ಹೋದಾಗ ಮಗಳ ಬಟ್ಟೆಯ ಚೀಲದ ಮಾತೇ ಎತ್ತಲಿಲ್ಲ. ನಾಲ್ಕು ದಿನ ಅಲ್ಲೇ ಇದ್ದೆವು. ಮಾವ ಬೀಗರ ಮನೆಯ ಜಗುಲಿಯಲ್ಲಿ ಮಲಗಿದರು, ನಾನು ಅಮ್ಮನ ಜೊತೆ. ಸುಮ್ಮನಿರುವುದು ನನಗೆ ಬೋಲ್ಟು ಬಿಗಿಯುವುದಕ್ಕಿಂತ ಕಷ್ಟವಾಯಿತು. ಮಗಳು ಹತ್ತಿರ ಸುಳಿದರೆ ಹಿಡಿದುಕೊಳ್ಳಬೇಕೆನಿಸುತ್ತಿತ್ತು. ಕೈಯನ್ನು ತೊಡೆಯಡಿ ಇಟ್ಟುಕೊಂಡು ಕೂರುತ್ತಿದ್ದೆ. ಎರಡನೆಯ ದಿನ ಮಾವ ಕಾರಿನ ಹಾರನ್ ಒತ್ತಲು ಅವಳಿಗೆ ಬಿಟ್ಟರು. ಊರ ಮಕ್ಕಳೆಲ್ಲ ಸೇರಿ, ಅಕ್ಕಪಕ್ಕದವರು ಬೈಯುವವರೆಗೂ ಒತ್ತಿದರು.

ಮೂರನೆಯ ದಿನ ಹತ್ತಿರದ ಹೇಮಾವತಿ ಊರಿನ ದೇವಸ್ಥಾನಕ್ಕೆ ಹೋಗಿಬರೋಣ ಎಂದು ಮಾವ ಹೊರಡಿಸಿದರು. ಅಮ್ಮ, ಮಗಳು, ನಾನು. ಅಮ್ಮ ಜೊತೆಗಿದ್ದುದರಿಂದ ಮಗಳು ಅಳುಕದೆ ಹತ್ತಿದಳು, ವಾಂತಿಯೂ ಆಗಲಿಲ್ಲ. ಸಿದ್ದೇಶ್ವರನಿಗೆ ಕೈಮುಗಿದು, ಬುತ್ತಿ ಬಿಚ್ಚಿ ಉಂಡೆವು. ಕಲ್ಲಿನ ನೆಲ ತಣ್ಣಗಿತ್ತು. ಎಷ್ಟೋ ದಿನಗಳಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಕಂಬಕ್ಕೆ ಒರಗಿದ್ದಷ್ಟೇ ಗೊತ್ತು, ಜಾರಿ ಅಲ್ಲೇ ಮಲಗಿಬಿಟ್ಟಿದ್ದೆ.

ಎಚ್ಚರವಾದಾಗ ಮುಖಕ್ಕೆ ಗಾಳಿ ಬೀಸುತ್ತಿತ್ತು. ಮಗಳು ಪಕ್ಕದಲ್ಲಿ ಮಂಡಿಯೂರಿ ಕೂತು, ಬುತ್ತಿ ಕಟ್ಟಿದ್ದ ಬಟ್ಟೆಯಿಂದ ನನ್ನ ಮೇಲಿನ ನೊಣ ಓಡಿಸುತ್ತಿದ್ದಳು. ನಾನು ಕಣ್ಣು ಬಿಟ್ಟದ್ದನ್ನು ಕಂಡು ನಾಚಿ ನಿಲ್ಲಿಸಿದಳು. ಅವಳ ಕಣ್ಣು ನನ್ನ ಮುಂಗೈ ಮೇಲಿತ್ತು.

"ನಾನು ಕಚ್ಚಿದ್ದು ನೋವಾಯ್ತಾ?" ಎಂದಳು.

"ಅವತ್ತು ಆಯ್ತು. ಈಗಿಲ್ಲ."

"ಆ ಊರಲ್ಲಿ ನಾಯಿ ಐತಾ?"

"ನಮ್ಮ ಓಣೀಲೇ ಮೂರು ಐತೆ."

ಅವಳು ಯೋಚಿಸಿದಳು. "ಅಮ್ಮನೂ ಬರ್ಲಿ" ಎಂದಳು. ಅವಳು ಅಮ್ಮ ಎಂದದ್ದು ನನ್ನ ಅಮ್ಮನನ್ನು.

ಐದನೆಯ ದಿನ ಬೆಳಿಗ್ಗೆ ನಾಲ್ವರೂ ರಾಯದುರ್ಗಕ್ಕೆ ಹೊರಟೆವು. ಅಮ್ಮ ಶಾಲೆ ಶುರುವಾಗುವವರೆಗೂ, ಆಮೇಲೆ ಇನ್ನೂ ಒಂದು ತಿಂಗಳು ನಮ್ಮಲ್ಲಿದ್ದಳು. ಅವಳು ಹೊರಟ ಮೇಲೆ ಮಗಳು ಮೂರು ದಿನ ಊಟ ಬಿಟ್ಟಳು. ನಾಲ್ಕನೆಯ ದಿನ ಮಾವನ ತಟ್ಟೆಯಿಂದ ರೊಟ್ಟಿ ತಿಂದಳು. ನನ್ನ ಗಂಡ ಬಂದಾಗ ಅವಳು ಕದದ ಹಿಂದೆ ನಿಂತಳು. ಅವರು ಎಳೆಯಲು ಹೋಗಲಿಲ್ಲ. ಕಾರಿನ ಹತ್ತಿರ ನಿಂತಿದ್ದ ತಮ್ಮ ಅಪ್ಪನ ಬಳಿ ಹೋಗಿ, ಏನು ಮಾಡುವುದೆಂದು ಅವರನ್ನೇ ಕೇಳಿದರು.

ಈಗ ಅವಳು ಹೈಸ್ಕೂಲಿನಲ್ಲಿದ್ದಾಳೆ. ನನ್ನನ್ನು ಅಮ್ಮ ಅನ್ನುತ್ತಾಳೆ, ನನ್ನ ಜೊತೆ ಜಗಳವಾಡುತ್ತಾಳೆ, ಹೋಂವರ್ಕ್ ಮುಚ್ಚಿಟ್ಟು ಸುಳ್ಳು ಹೇಳುತ್ತಾಳೆ. ಆದರೆ ಬೇಸಿಗೆ ರಜೆ ಬಂದರೆ ಅಜ್ಜಿಯ ಊರಿಗೆ ಹೋಗಲು ವಾರದ ಮೊದಲೇ ಚೀಲ ತುಂಬಿಟ್ಟುಕೊಳ್ಳುತ್ತಾಳೆ. ಅಲ್ಲಿಂದ ಫೋನ್ ಮಾಡಿದಾಗ ಅವಳ ದನಿ ಬೇರೆಯಾಗಿರುತ್ತದೆ, ಮಾತು ನನ್ನ ಅಮ್ಮನ ಮಾತಿನಂತಾಗಿರುತ್ತದೆ. ನಾನು ಇಲ್ಲದ ಆ ನಾಲ್ಕು ವರ್ಷ ಅವಳಿಗೆ ಅಲ್ಲಿವೆ. ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಹೊಟ್ಟೆಕಿಚ್ಚಾಗುತ್ತದೆ. ಆಮೇಲೆ ಶೆಡ್ಡಿಗೆ ಹೋಗುವ ಹೊತ್ತಾಗುತ್ತದೆ.